ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟ್ ಎಲ್ಲಿರುತ್ತದೆ?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಇಂಗ್ಲಿಷ್ ವ್ಯಾಕರಣದ ಮಾತೆತ್ತಿದರೆ ನಮ್ಮ ಕಾಲೇಜಿನಲ್ಲಿ ಅರ್ಧ ಬೆಂಚುಗಳು ಖಾಲಿಯಾಗುತ್ತವೆಂಬುದು ಅಧ್ಯಾಪಕರಿಗೂ ಗೊತ್ತು, ನಮಗೂ ಗೊತ್ತು. ಹಾಗಿರುವಾಗ ವಾರ್ಷಿಕ ಸಂಚಿಕೆಯಲ್ಲಿಯೂ ಸಬ್ಜೆಕ್ಟ್, ಪ್ರೆಡಿಕೇಟುಗಳ ಪುರಾಣವೇಕೆ ಎಂದು ಮಿತ್ರರು ಕೇಳಿಯಾರು. ಪರೀಕ್ಷೆಯಲ್ಲಿ ಈ ಪ್ರಶ್ನೆಯಿಂದ ದೊರೆಯುವ ಅಂಕಗಳು ಬೆರಳೆಣಿಕೆಯಷ್ಟು. ಅವಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಒಂದು ವಾಕ್ಯದ ಸಬ್ಜೆಕ್ಟನ್ನು ಗುರುತಿಸಲಾರದೆ ನಾನು ನಮ್ಮ ಮನೆಗೆ ಮಾಡಿದ ನಷ್ಟವೊಂದುಂಟು. ಅದನ್ನು ಮೊದಲು ಹೇಳಿ, ಆಮೇಲೆ ವ್ಯಾಕರಣಕ್ಕೆ ಬರುತ್ತೇನೆ.

ನಮ್ಮ ಮನೆತನದಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೊಬ್ಬನೇ. ತಂದೆಯವರಿಗೆ ರುಜು ಹಾಕಲು ಬರುತ್ತದೆ. ತಾಯಿಗೆ ಅದೂ ಇಲ್ಲ. ನಾನು ಈ ಕಾಲೇಜಿಗೆ ಸೇರಿದ ವರ್ಷ ನಮ್ಮ ಕೊಟ್ಟಿಗೆಯಲ್ಲಿದ್ದ ಎರಡು ಹಸುಗಳೂ ಒಂದೇ ವಾರದಲ್ಲಿ ಸತ್ತುಹೋದುವು. ಅವಕ್ಕೆ ವಿಮೆ ಇತ್ತು. ಪರಿಹಾರ ಕೇಳಿದ್ದಕ್ಕೆ ಮೊದಲು ಆಗುವುದಿಲ್ಲವೆಂಬ ಉತ್ತರ ಬಂದಿತು. ತಂದೆಯವರು ಪೇಟೆಯಲ್ಲಿ ತಿಳಿದವರೊಬ್ಬರ ಕೈಯಿಂದ ಮೇಲ್ಮನವಿ ಬರೆಸಿ ಹಾಕಿದರು. ನಾಲ್ಕು ತಿಂಗಳಾದ ಮೇಲೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತು. ಮಗ ಕಾಲೇಜಿನಲ್ಲಿ ಓದುತ್ತಿರುವಾಗ ಕಾಗದ ಓದಿಸಲು ಪೇಟೆಗೇಕೆ ಹೋಗಬೇಕು? ಜಗಲಿಯ ಮೇಲೆ ಕುಳಿತು ನಾನೇ ಓದಿದೆನು. ನೆರೆಮನೆಯವರು ನಾಲ್ಕಾರು ಜನ ಬಂದು ನಿಂತಿದ್ದರು. ಕಾಗದದ ಜೀವಾಳವಾದ ವಾಕ್ಯ ಇದು. ಅಚ್ಚಿನ ಅನುಕೂಲಕ್ಕಾಗಿ ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಕೊಡುತ್ತಿದ್ದೇನೆ:

"ದಿ ಅಪೀಲ್ ಅಗೇನ್ಸ್ಟ್ ದಿ ಆರ್ಡರ್ ರಿಜೆಕ್ಟಿಂಗ್ ಯುವರ್ ಕ್ಲೇಮ್ ಹ್ಯಾಸ್ ಬೀನ್ ಅಲೌಡ್, ಅಂಡ್ ದಿ ಡಾಕ್ಯುಮೆಂಟ್ಸ್ ಲಿಸ್ಟೆಡ್ ಬಿಲೋ ಶುಡ್ ಬಿ ಪ್ರೊಡ್ಯೂಸ್ಡ್ ವಿದಿನ್ ಥರ್ಟಿ ಡೇಸ್."

ಇಷ್ಟು ಮಾತುಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 'ರಿಜೆಕ್ಟಿಂಗ್ ಯುವರ್ ಕ್ಲೇಮ್' ಎಂಬ ಮೂರೇ ಮಾತು. ರಿಜೆಕ್ಟ್ ಎಂದರೆ ತಳ್ಳಿಹಾಕುವುದೆಂದು ನಾನು ಬಲ್ಲೆ. "ಆಗೋದಿಲ್ಲ ಅಂತ ಬರೆದಿದ್ದಾರೆ" ಎಂದೆನು. "ಯಾರು ಆಗೋದಿಲ್ಲ ಅಂದದ್ದು?" ಎಂದು ತಂದೆಯವರು ಕೇಳಿದರು. ನಾನು ಇನ್ನೊಮ್ಮೆ ನೋಡಿ, "ಹೆಸರು ಹಾಕಿಲ್ಲ" ಎಂದೆನು. ಕಾಗದ ತೊಲೆಯ ಸಂದಿಗೆ ಸೇರಿತು.

ಇನ್ನು ವ್ಯಾಕರಣ. ಸಬ್ಜೆಕ್ಟ್, ಪ್ರೆಡಿಕೇಟ್ ಎಂಬ ಎರಡು ಮಾತುಗಳು ವ್ಯಾಕರಣಕ್ಕೆ ಬಂದದ್ದು ತರ್ಕಶಾಸ್ತ್ರದಿಂದ. ಕಲ್ಪನೆ ಗ್ರೀಸಿನ ಅರಿಸ್ಟಾಟಲನದು, ಹೆಸರುಗಳು ಲ್ಯಾಟಿನ್ ಭಾಷೆಯವು. ಕೆಳಗೆ ಇಟ್ಟದ್ದು ಸಬ್ಜೆಕ್ಟ್, ಅದನ್ನು ಕುರಿತು ಸಾರಿದ್ದು ಪ್ರೆಡಿಕೇಟ್ ಎಂಬುದು ಅವುಗಳ ಮೂಲಾರ್ಥ. ನಮ್ಮ ಪಂಡಿತರು ಇವನ್ನು ಉದ್ದೇಶ್ಯ, ವಿಧೇಯ ಎಂದು ಕರೆದರು. 'ನಮ್ಮ ಹಸು ಹಾಲು ಕೊಡುತ್ತದೆ' ಎಂಬಲ್ಲಿ 'ನಮ್ಮ ಹಸು' ಉದ್ದೇಶ್ಯ. 'ಹಾಲು ಕೊಡುತ್ತದೆ' ಎಂಬುದು ವಿಧೇಯ. ಇಷ್ಟರಮಟ್ಟಿಗೆ ಯಾರಿಗೂ ತೊಡಕಿಲ್ಲ. ತೊಡಕು ಹುಟ್ಟುವುದು ಪ್ರೌಢಶಾಲೆಯಲ್ಲಿ ನಾವು ಕಲಿತ 'ಕರ್ತೃ' ಎಂಬ ಮಾತನ್ನು ತಂದು ಸಬ್ಜೆಕ್ಟಿನ ಮೇಲೆ ಅಂಟಿಸಿದಾಗ. ಕರ್ತೃವೆಂದರೆ ಕೆಲಸ ಮಾಡುವವನು. ಸಬ್ಜೆಕ್ಟ್ ಎಂದರೆ ಯಾವಾಗಲೂ ಕೆಲಸ ಮಾಡುವವನೇ ಅಲ್ಲ. 'ದಿ ವಿಂಡೋ ಬ್ರೋಕ್' ಎಂಬಲ್ಲಿ ಕಿಟಕಿ ಮಾಡಿದ ಕೆಲಸವೇನು? 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ಕರ್ಮಣಿ ಪ್ರಯೋಗವನ್ನು ನೆನೆಯಿರಿ. ಪಾಣಿನಿಯ ಸಂಪ್ರದಾಯದಂತೆ ಇಲ್ಲಿಯೂ ರಾಮನೇ ಕರ್ತೃ. ವಿಭಕ್ತಿ ಬದಲಾಯಿಸಿತೇ ಹೊರತು ಕರ್ತೃತ್ವ ಹೋಗಲಿಲ್ಲ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ಸಬ್ಜೆಕ್ಟ್ ರಾವಣನಾಗುತ್ತಾನೆ. ಆದುದರಿಂದ ಈ ಲೇಖನದಲ್ಲಿ ಆ ಪದವನ್ನು ಅನುವಾದಿಸದೆ ಸಬ್ಜೆಕ್ಟ್ ಎಂದೇ ಬರೆಯುತ್ತೇನೆ. ಕನ್ನಡಾಭಿಮಾನಿಗಳು ಕ್ಷಮಿಸಬೇಕು.

ಕನ್ನಡ ಮಾತಾಡುವವನಿಗೆ ಸಬ್ಜೆಕ್ಟನ್ನು ಹುಡುಕುವ ಅಭ್ಯಾಸವೇ ಇರುವುದಿಲ್ಲ. ಅದರ ಅವಶ್ಯಕತೆ ಅವನಿಗೆ ಬಿದ್ದಿಲ್ಲ. 'ಬಂದೆನು' ಎಂದರೆ ನಾನು, 'ಬಂದೆವು' ಎಂದರೆ ನಾವು, 'ಬಂದಳು' ಎಂದರೆ ಅವಳು. ಬಂದವರು ಯಾರೆಂಬುದು ಕ್ರಿಯಾಪದದ ಬಾಲದಲ್ಲಿಯೇ ಇದೆ. ಇಂಗ್ಲಿಷಿನ 'ಕೇಮ್' ಎಂಬುದಕ್ಕೆ ಬಾಲವಿಲ್ಲ. ಐ, ವಿ, ಶಿ, ದೇ ಎಲ್ಲರಿಗೂ ಅದೊಂದೇ ಅಂಗಿ. ಅದಕ್ಕಾಗಿಯೇ ಆ ಭಾಷೆಯಲ್ಲಿ 'ಓಪನ್ ದಿ ಡೋರ್' ಎಂಬಂಥ ಅಪ್ಪಣೆಯ ವಾಕ್ಯಗಳನ್ನು ಬಿಟ್ಟರೆ ಸಬ್ಜೆಕ್ಟಿಲ್ಲದ ಪೂರ್ಣ ವಾಕ್ಯವನ್ನು ಕಾಣುವುದು ಅಪರೂಪ. ಹಾಗೆಯೇ ನಮ್ಮಲ್ಲಿ 'ರೈತನು ಹುಲಿಯನ್ನು ಕೊಂದನು' ಎಂದರೂ ಒಂದೇ, 'ಹುಲಿಯನ್ನು ರೈತನು ಕೊಂದನು' ಎಂದರೂ ಒಂದೇ. 'ಅನ್ನು' ಎಂಬ ಪ್ರತ್ಯಯ ಹುಲಿಯನ್ನು ಅದರ ಸ್ಥಾನದಲ್ಲಿ ಕಟ್ಟಿಹಾಕಿದೆ. ಇಂಗ್ಲಿಷಿನಲ್ಲಿ ಪದಗಳ ಜಾಗ ಬದಲಾಯಿಸಿದರೆ ರೈತನ ಪ್ರಾಣವೇ ಹೋಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ನಮ್ಮ ಹಾಗೆಯೇ ವಿಭಕ್ತಿ ಪ್ರತ್ಯಯಗಳಿದ್ದುವು. ಹನ್ನೊಂದನೆಯ ಶತಮಾನದಿಂದೀಚೆಗೆ ಅವು ಬಹುಮಟ್ಟಿಗೆ ಸವೆದುಹೋಗಿ, ಪ್ರತ್ಯಯದ ಕೆಲಸವನ್ನು ಪದದ ಸ್ಥಾನ ವಹಿಸಿಕೊಂಡಿತು. 'ಹಿ' ಮತ್ತು 'ಹಿಮ್' ಎಂಬಂಥ ಜೋಡಿಗಳು ಆ ಹಳೆಯ ಆಸ್ತಿಯಲ್ಲಿ ಉಳಿದ ಚೂರುಗಳು.

ಸ್ಥಾನವೇ ಮುಖ್ಯವೆಂದ ಮೇಲೆ, ಸಬ್ಜೆಕ್ಟ್ ಕ್ರಿಯಾಪದದ ಹಿಂದೆಯೇ ನಿಂತಿರುತ್ತದೆ, ಹುಡುಕುವುದೇನು ಕಷ್ಟ ಎನ್ನಬಹುದು. ನಾನು ಬಿದ್ದದ್ದು ಈ ಹಳ್ಳಕ್ಕೇ. ಕನ್ನಡದಲ್ಲಿ ಒಂದು ನಾಮಪದಕ್ಕೆ ಎಷ್ಟು ವಿಶೇಷಣಗಳನ್ನು ಸೇರಿಸಿದರೂ ಅವೆಲ್ಲ ಅದರ ಮುಂಚೆ ಬರುತ್ತವೆ. ಮುಖ್ಯ ಪದ ಕೊನೆಯಲ್ಲಿ ನಿಲ್ಲುತ್ತದೆ. 'ಸಂತೆಯಿಂದ ತಂದ ಮಾವಿನ ಹಣ್ಣಿನ ಬುಟ್ಟಿ' ಎಂಬಲ್ಲಿ ಕೊನೆಯದಾದ ಬುಟ್ಟಿಯೇ ಯಜಮಾನ. ಇಂಗ್ಲಿಷಿನಲ್ಲಿ ಇದು ತಲೆಕೆಳಗು: 'ದಿ ಬಾಸ್ಕೆಟ್ ಆಫ್ ಮ್ಯಾಂಗೋಸ್ ಬ್ರಾಟ್ ಫ್ರಮ್ ದಿ ಮಾರ್ಕೆಟ್'. ಬುಟ್ಟಿ ಮೊದಲಿಗೇ ಬಂದುಬಿಟ್ಟಿತು. ಹಣ್ಣು, ಸಂತೆ ಎಲ್ಲವೂ ಅದರ ಹಿಂದೆ. ರೈಲುಗಾಡಿಯ ಹೋಲಿಕೆ ಕೊಡುವುದಾದರೆ, ಅವರ ಗಾಡಿಯಲ್ಲಿ ಎಂಜಿನ್ ಮುಂದಿದ್ದು ಡಬ್ಬಿಗಳು ಹಿಂದೆ. ನಮ್ಮ ಗಾಡಿಯಲ್ಲಿ ಡಬ್ಬಿಗಳು ಮುಂದಿದ್ದು ಎಂಜಿನ್ ಹಿಂದಿನಿಂದ ದಬ್ಬುತ್ತದೆ. ಈಗ ಇಂಗ್ಲಿಷ್ ಕ್ರಿಯಾಪದದ ಪಕ್ಕದಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿ. ಮೊದಲು ಕಣ್ಣಿಗೆ ಬೀಳುವುದು ಕೊನೆಯ ಡಬ್ಬಿ. ಕೊನೆಯದೇ ಯಜಮಾನನೆಂದು ಹುಟ್ಟಿದಂದಿನಿಂದ ರೂಢಿಯಾದ ಕನ್ನಡದ ಕಣ್ಣು ಆ ಡಬ್ಬಿಯನ್ನೇ ಎಂಜಿನ್ ಎಂದು ಹಿಡಿದುಕೊಳ್ಳುತ್ತದೆ.

'ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಆರ್ ಗುಡ್' ಎಂದು ನಮ್ಮಲ್ಲಿ ಹತ್ತಕ್ಕೆ ಎಂಟು ಜನ ಬರೆಯುವುದು ಇದರಿಂದಲೇ ಇರಬೇಕೆಂದು ನನ್ನ ಊಹೆ. ಕ್ರಿಯಾಪದದ ಪಕ್ಕದಲ್ಲಿ ಮ್ಯಾಂಗೋಸ್ ಇದೆ, ಅದು ಬಹುವಚನ, ಆದ್ದರಿಂದ ಆರ್. ನಿಜವಾದ ಎಂಜಿನ್ ಕ್ವಾಲಿಟಿ; ಅದಕ್ಕೆ 'ಈಸ್' ಬೇಕು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಅವಸರದಲ್ಲಿ ಈ ತಪ್ಪನ್ನು ಮಾಡುತ್ತಾರಂತೆ. ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು.

ನನ್ನ ಕಾಗದದಲ್ಲಿಯೂ ಆದದ್ದು ಇದೇ. 'ಹ್ಯಾಸ್ ಬೀನ್ ಅಲೌಡ್' ಎಂಬುದರ ಪಕ್ಕದಲ್ಲಿದ್ದುದು 'ಯುವರ್ ಕ್ಲೇಮ್', ಅದರ ಪಕ್ಕದಲ್ಲಿದ್ದುದು 'ರಿಜೆಕ್ಟಿಂಗ್'. ಅಪೀಲ್ ಎಂಬ ಎಂಜಿನ್ ಎಲ್ಲೋ ದೂರದಲ್ಲಿ, ನಾನು ಆಗಲೇ ದಾಟಿ ಮರೆತುಬಿಟ್ಟ ಜಾಗದಲ್ಲಿತ್ತು.

ಇದು ನನಗೆ ತಿಳಿದದ್ದು ಎರಡನೆಯ ವರ್ಷದ ಒಂದು ಮಧ್ಯಾಹ್ನ. ನಮ್ಮ ಇಂಗ್ಲಿಷ್ ಅಧ್ಯಾಪಕರು ಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆದು, ಅದನ್ನು ಕತ್ತರಿಸುವಂತೆ ಒಂದು ನೆಟ್ಟಗೆರೆ ಎಳೆದರು. ನೆಟ್ಟಗೆರೆಯ ಎಡಕ್ಕೆ ಸಬ್ಜೆಕ್ಟ್, ಬಲಕ್ಕೆ ಪ್ರೆಡಿಕೇಟ್. ಅಮೆರಿಕದ ರೀಡ್ ಮತ್ತು ಕೆಲಾಗ್ ಎಂಬಿಬ್ಬರು ಅಧ್ಯಾಪಕರು 1877ರಲ್ಲಿ ಹೊರತಂದ ಪುಸ್ತಕದಿಂದ ಪ್ರಸಿದ್ಧವಾದ ಪದ್ಧತಿಯಂತೆ ಇದು. ಆ ನೆಟ್ಟಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯಾರೋ ಕೇಳಿದರು. ಅಧ್ಯಾಪಕರು, "ವಾಕ್ಯವನ್ನು ಹೌದು, ಅಲ್ಲ ಎಂಬ ಉತ್ತರದ ಪ್ರಶ್ನೆಯಾಗಿ ಮಾಡಿ. ಯಾವುದರ ಮುಂದಕ್ಕೆ ಸಹಾಯಕ ಕ್ರಿಯಾಪದ ಜಿಗಿಯುತ್ತದೆಯೋ ಅದು ಸಬ್ಜೆಕ್ಟ್, ಅದಿಷ್ಟೂ ಸಬ್ಜೆಕ್ಟ್" ಎಂದರು.

ಉದಾಹರಣೆಗೆ, 'ದಿ ಬಾಯ್ಸ್ ಲಿವಿಂಗ್ ಇನ್ ದಿ ಹಾಸ್ಟೆಲ್ ಆರ್ ಆಸ್ಕಿಂಗ್ ಫಾರ್ ಹಾಟ್ ವಾಟರ್'. ಪ್ರಶ್ನೆ ಮಾಡಿದರೆ 'ಆರ್ ದಿ ಬಾಯ್ಸ್ ಲಿವಿಂಗ್ ಇನ್ ದಿ ಹಾಸ್ಟೆಲ್ ಆಸ್ಕಿಂಗ್ ಫಾರ್ ಹಾಟ್ ವಾಟರ್?' ಎಂದಾಗುತ್ತದೆ. 'ಆರ್' ಮತ್ತು 'ಆಸ್ಕಿಂಗ್' ಎಂಬ ಎರಡು ಗೂಟಗಳ ನಡುವೆ ಸಿಕ್ಕಿಬಿದ್ದದ್ದೆಲ್ಲ ಸಬ್ಜೆಕ್ಟ್. ಸಹಾಯಕ ಕ್ರಿಯಾಪದವಿಲ್ಲದಿದ್ದರೆ 'ಡು', 'ಡಸ್', 'ಡಿಡ್' ಎಂಬುವನ್ನು ಎರವಲು ತರಬೇಕು: 'ದಿ ಬಾಯ್ಸ್ ವಾಂಟ್ ಹಾಟ್ ವಾಟರ್', 'ಡು ದಿ ಬಾಯ್ಸ್ ವಾಂಟ್ ಹಾಟ್ ವಾಟರ್?' (ಹಾಸ್ಟೆಲ್ಲಿನ ಮಿತ್ರರು ಈ ಉದಾಹರಣೆಯನ್ನು ವಾರ್ಡನ್ನರ ಗಮನಕ್ಕೆ ತಂದರೆ ನನ್ನ ಅಭ್ಯಂತರವಿಲ್ಲ.)

ಎಲ್ಲರೂ ಪುಸ್ತಕದ ವಾಕ್ಯಗಳನ್ನು ಪ್ರಶ್ನೆ ಮಾಡುತ್ತಿದ್ದಾಗ ನನಗೆ ಬಾಯಿಪಾಠವಾಗಿದ್ದ ಇಂಗ್ಲಿಷ್ ವಾಕ್ಯ ಒಂದೇ. ಅದನ್ನು ನೋಟ್ ಪುಸ್ತಕದ ಅಂಚಿನಲ್ಲಿ ಬರೆದೆನು: 'ಹ್ಯಾಸ್ ದಿ ಅಪೀಲ್ ಅಗೇನ್ಸ್ಟ್ ದಿ ಆರ್ಡರ್ ರಿಜೆಕ್ಟಿಂಗ್ ಯುವರ್ ಕ್ಲೇಮ್ ಬೀನ್ ಅಲೌಡ್?' 'ಹ್ಯಾಸ್' ಈ ಕಡೆ, 'ಬೀನ್' ಆ ಕಡೆ. ರಿಜೆಕ್ಟಿಂಗ್ ಎಂಬ ಮಾತು ಎರಡು ಗೂಟಗಳ ನಡುವೆ, ಸಬ್ಜೆಕ್ಟಿನ ಒಳಗೆ, ಆರ್ಡರ್ ಎಂಬ ಮಾತಿನ ಬಾಲವಾಗಿ ಬಿದ್ದಿತ್ತು. ನೆಟ್ಟಗೆರೆಯ ಬಲಕ್ಕೆ ಉಳಿದದ್ದು ಅಲೌಡ್. ನಿಮ್ಮ ಕೋರಿಕೆಯನ್ನು ತಳ್ಳಿಹಾಕಿದ ಆಜ್ಞೆಯ ವಿರುದ್ಧ ಸಲ್ಲಿಸಿದ ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ತರಗತಿ ಮುಗಿಯುವವರೆಗೆ ನಾನು ತಲೆಯೆತ್ತಲಿಲ್ಲ.

ಆ ಶನಿವಾರ ಊರಿಗೆ ಹೋಗಿ ತೊಲೆಯ ಸಂದಿಯಿಂದ ಕಾಗದ ತೆಗೆದು ತಂದೆಯವರಿಗೆ ಹೇಳಿದೆನು. ಮೂವತ್ತು ದಿನ ಕಳೆದು ಹತ್ತು ತಿಂಗಳ ಮೇಲಾಗಿತ್ತು. ಇಬ್ಬರೂ ಹೋಗಿ ವಿಚಾರಿಸಿದೆವು. ಕಾಲ ಮೀರಿದೆ ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ, ಗಡುವು ಕಾಗದದಲ್ಲಿಯೇ ಇತ್ತು. ಬಸ್ಸಿನಲ್ಲಿ ಹಿಂದಿರುಗುವಾಗ ತಂದೆಯವರು ಬೈಯಲಿಲ್ಲ. "ಅಂದರೆ ಮೊದಲ ಮಾತನ್ನು ಬಿಟ್ಟು ಓದಿದೆ ಅನ್ನು" ಎಂದರು, ಅಷ್ಟೇ. ಇಷ್ಟು ಓದಿದರೂ ನಾನು ಅದಕ್ಕಿಂತ ಚೆನ್ನಾಗಿ ಆ ತಪ್ಪನ್ನು ವಿವರಿಸಲಾರೆ.

ವಾಕ್ಯದ ಎರಡನೆಯ ಭಾಗದಲ್ಲಿಯೂ ಒಂದು ಮೋಸವಿದೆ. 'ದಿ ಡಾಕ್ಯುಮೆಂಟ್ಸ್ ಲಿಸ್ಟೆಡ್ ಬಿಲೋ' ಎಂಬಲ್ಲಿ 'ಲಿಸ್ಟೆಡ್' ಎಂಬುದು ಭೂತಕಾಲದ ಕ್ರಿಯಾಪದದಂತೆ ವೇಷ ಹಾಕಿದೆ. ದಾಖಲೆಗಳು ತಾವೇ ಪಟ್ಟಿ ಮಾಡಿದುವೆ? ಇಲ್ಲ, ಪಟ್ಟಿಮಾಡಿದ ದಾಖಲೆಗಳು. ನಮ್ಮ ಕೃದಂತ ವಿಶೇಷಣದ ಕೆಲಸವನ್ನು ಅದು ಮಾಡುತ್ತಿದೆ. ನಿಜವಾದ ಕ್ರಿಯಾಪದವನ್ನು ಕಂಡುಹಿಡಿಯಲು ಇನ್ನೊಂದು ಉಪಾಯವೆಂದರೆ ವಾಕ್ಯದ ಕಾಲವನ್ನು ಬದಲಾಯಿಸುವುದು. 'ದಿ ಗರ್ಲ್ ಸಿಟ್ಟಿಂಗ್ ನಿಯರ್ ದಿ ಡೋರ್ ಸಿಂಗ್ಸ್ ವೆಲ್' ಎಂಬುದನ್ನು ನಿನ್ನೆಗೆ ತಳ್ಳಿದರೆ 'ಸಿಂಗ್ಸ್' ಹೋಗಿ 'ಸ್ಯಾಂಗ್' ಆಗುತ್ತದೆ. 'ಸಿಟ್ಟಿಂಗ್' ಕುಳಿತಲ್ಲಿಯೇ ಕುಳಿತಿರುತ್ತದೆ. ಕಾಲಕ್ಕೆ ಸ್ಪಂದಿಸಿದ್ದು ಕ್ರಿಯಾಪದ. ಅದು ಸಿಕ್ಕಿತೆಂದರೆ ಯಾರು, ಯಾವುದು ಎಂದು ಅದನ್ನೇ ಕೇಳಿದರಾಯಿತು.

ಸಬ್ಜೆಕ್ಟ್ ಕೆಲವೊಮ್ಮೆ ತಡವಾಗಿ ಬರುವುದೂ ಉಂಟು. 'ಔಟ್‌ಸೈಡ್ ದಿ ಟೆಂಪಲ್ ಸ್ಟ್ಯಾಂಡ್ ಟೂ ನೀಮ್ ಟ್ರೀಸ್' ಎಂಬಲ್ಲಿ ನಿಂತಿರುವುವು ಬೇವಿನ ಮರಗಳು. ಆದ್ದರಿಂದ 'ಸ್ಟ್ಯಾಂಡ್ಸ್' ಅಲ್ಲ, 'ಸ್ಟ್ಯಾಂಡ್'. 'ದೇರ್ ಆರ್ ಟೂ ಕೌಸ್ ಇನ್ ದಿ ಶೆಡ್' ಎಂಬ ವಾಕ್ಯದ ವಿಷಯದಲ್ಲಿ ವೈಯಾಕರಣರಲ್ಲಿಯೇ ಒಮ್ಮತವಿಲ್ಲ. ಹಳೆಯ ಶಾಲಾಪುಸ್ತಕಗಳ ಪ್ರಕಾರ ಸಬ್ಜೆಕ್ಟ್ 'ಟೂ ಕೌಸ್'. ಕ್ರಿಯಾಪದ ಬಹುವಚನವಾಗಿರುವುದು ಅದಕ್ಕೆ ಸಾಕ್ಷಿ. ಆದರೆ ಪ್ರಶ್ನೆ ಮಾಡಿದರೆ 'ಆರ್ ದೇರ್ ಟೂ ಕೌಸ್?' ಎಂದು 'ಆರ್' ಜಿಗಿಯುವುದು 'ದೇರ್' ಎಂಬುದರ ಮುಂದಕ್ಕೆ. 2002ರಲ್ಲಿ ಕೇಂಬ್ರಿಜ್ಜಿನಿಂದ ಹೊರಬಂದ ದೊಡ್ಡ ಇಂಗ್ಲಿಷ್ ವ್ಯಾಕರಣವು 'ದೇರ್' ಎಂಬುದನ್ನೇ ಸಬ್ಜೆಕ್ಟ್ ಎಂದು ಒಪ್ಪುತ್ತದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂಬುದನ್ನು ಮಿತ್ರರು ತಮ್ಮ ಅಧ್ಯಾಪಕರನ್ನು ಕೇಳಿ ನಿರ್ಧರಿಸುವುದು ಕ್ಷೇಮ.

'ಇಟ್ ಈಸ್ ರೈನಿಂಗ್' ಎಂಬುದು ಇನ್ನೂ ಸ್ವಾರಸ್ಯವಾದುದು. ಇಲ್ಲಿ 'ಇಟ್' ಎಂದರೆ ಯಾವುದು? ಆಕಾಶವೆ, ಮೋಡವೆ, ದೇವರೆ? ಯಾವುದೂ ಅಲ್ಲ. ಸಬ್ಜೆಕ್ಟಿನ ಕುರ್ಚಿ ಖಾಲಿ ಇರಬಾರದೆಂಬ ಕಟ್ಟುನಿಟ್ಟಿಗಾಗಿ ಕೂರಿಸಿದ ಬೆರ್ಚಪ್ಪ ಅದು. ನಮಗೆ ಆ ಗೊಡವೆ ಇಲ್ಲ. ನಮ್ಮಲ್ಲಿ ಮಳೆಯೇ ಬರುತ್ತದೆ.

ಇದಕ್ಕಿಂತ ದೊಡ್ಡ ಅಂತರ 'ನನಗೆ' ಎಂಬ ನಮ್ಮ ಮಾತಿನಲ್ಲಿದೆ. ನನಗೆ ಹಸಿವಾಗಿದೆ, ನನಗೆ ಈಜು ಬರುತ್ತದೆ, ನನಗೆ ಎರಡು ಎಕರೆ ಹೊಲವಿದೆ. ಕನ್ನಡದ ಪ್ರಕಾರ ಹಸಿವು ಆಗುತ್ತದೆ, ಈಜು ಬರುತ್ತದೆ, ಹೊಲ ಇರುತ್ತದೆ. ನಾನು ಪಕ್ಕದಲ್ಲಿ ನಿಂತು ಅದನ್ನು ಪಡೆದುಕೊಳ್ಳುವವನು ಮಾತ್ರ. ಇಂಗ್ಲಿಷಿನಲ್ಲಿ ಮೂರು ಕಡೆಯೂ 'ಐ' ಎಂಬುವನು ಮುಂದೆ ಬಂದು ನಿಲ್ಲುತ್ತಾನೆ: ಐ ಆಮ್ ಹಂಗ್ರಿ, ಐ ಕೆನ್ ಸ್ವಿಮ್, ಐ ಹ್ಯಾವ್ ಟೂ ಏಕರ್ಸ್. ಹಿಂದೆ ಇಂಗ್ಲಿಷಿನಲ್ಲಿಯೂ ನಮ್ಮ ಹಾಗೆ ಹೇಳುವ ರೂಢಿಯಿತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ 'ಮಿಥಿಂಕ್ಸ್' ಎಂಬ ಮಾತು ಅಂಥದು; 'ನನಗೆ ತೋರುತ್ತದೆ' ಎಂದು ಅದರ ಮೂಲಾರ್ಥ.

ಕನ್ನಡದ ಭಾಷಾವಿಜ್ಞಾನಿಗಳಾಗಿದ್ದ ಡಿ. ಎನ್. ಶಂಕರ ಭಟ್ಟರು 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ, ಸಬ್ಜೆಕ್ಟ್ ಎಂಬ ಸಂಬಂಧ ಎಲ್ಲ ಭಾಷೆಗಳಿಗೂ ಅವಶ್ಯಕವಲ್ಲವೆಂದು ವಾದಿಸಿದ್ದಾರೆ. ನನ್ನ ಬುದ್ಧಿಗೆ ನಿಲುಕಿದಷ್ಟು ಹೇಳುವುದಾದರೆ ಅವರ ವಾದ ಹೀಗಿದೆ: ಕೆಲಸ ಮಾಡುವವನು ಯಾರು ಎಂಬುದೊಂದು, ಯಾವುದನ್ನು ಕುರಿತು ಮಾತು ಎಂಬುದು ಇನ್ನೊಂದು. ಇಂಗ್ಲಿಷ್ ಈ ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂರಿಸುತ್ತದೆ. ಕನ್ನಡ ಮೊದಲನೆಯದನ್ನು ವಿಭಕ್ತಿಗೆ ಒಪ್ಪಿಸಿ, ಎರಡನೆಯದಕ್ಕೆ ಪದಗಳನ್ನು ಹಿಂದುಮುಂದಾಗಿಸುವ ಸ್ವಾತಂತ್ರ್ಯವನ್ನು ಇಟ್ಟುಕೊಳ್ಳುತ್ತದೆ. ಇದನ್ನು ತಿಳಿದಾಗ ನನಗಾದ ಬಿಡುಗಡೆ ಅಷ್ಟಿಷ್ಟಲ್ಲ. ಅಷ್ಟು ದಿನವೂ ನಾನು ದಡ್ಡನಾದುದರಿಂದ ಸಬ್ಜೆಕ್ಟ್ ಸಿಗುತ್ತಿಲ್ಲವೆಂದು ತಿಳಿದಿದ್ದೆನು. ನನ್ನ ಭಾಷೆಯಲ್ಲಿ ಇಲ್ಲದ ಕುರ್ಚಿಯೊಂದನ್ನು ನಾನು ಹುಡುಕುತ್ತಿದ್ದೆನೆಂದು ಯಾರೂ ಹೇಳಿರಲಿಲ್ಲ.

ಪ್ರೆಡಿಕೇಟಿನ ವಿಷಯ ಹೆಚ್ಚಿಲ್ಲ. ಸಬ್ಜೆಕ್ಟನ್ನು ತೆಗೆದು ಉಳಿದದ್ದು ಪ್ರೆಡಿಕೇಟ್. ಒಂದು ಎಚ್ಚರಿಕೆ ಮಾತ್ರ ಬೇಕು: 'ನನ್ನ ತಂದೆ ರೈತ' ಎಂದು ನಾವು ಕ್ರಿಯಾಪದವಿಲ್ಲದೆ ನಿಲ್ಲಿಸಬಹುದು, ಇಂಗ್ಲಿಷಿನಲ್ಲಿ 'ಈಸ್' ಇಲ್ಲದೆ ಪ್ರೆಡಿಕೇಟ್ ನಿಲ್ಲುವುದಿಲ್ಲ.

ತಂದೆಯವರು ಅಂದು ಕೇಳಿದ ಪ್ರಶ್ನೆಗೂ ಉತ್ತರ ಹೇಳಬೇಕು. ಯಾರು ಆಗೋದಿಲ್ಲ ಅಂದದ್ದು? 'ಹ್ಯಾಸ್ ಬೀನ್ ಅಲೌಡ್' ಎಂಬ ಕರ್ಮಣಿ ಪ್ರಯೋಗದಲ್ಲಿ ಸಬ್ಜೆಕ್ಟ್ ಇರುತ್ತದೆ, ಕರ್ತೃ ಇರಲೇಬೇಕೆಂದಿಲ್ಲ. ಕಚೇರಿಯ ಇಂಗ್ಲಿಷಿಗೆ ಇದು ಬಹಳ ಪ್ರಿಯವಾದ ಪ್ರಯೋಗ. ಕೊಟ್ಟವರೂ ಕಾಣುವುದಿಲ್ಲ, ಕೊಡದವರೂ ಕಾಣುವುದಿಲ್ಲ. ಮೇಲ್ಮನವಿ ತನ್ನಷ್ಟಕ್ಕೆ ತಾನೇ ಪುರಸ್ಕೃತವಾಗಿ ನಿಂತಿರುತ್ತದೆ. 'ಒಪ್ಪಲಾಗಿದೆ', 'ತಿರಸ್ಕರಿಸಲಾಗಿದೆ' ಎಂದು ನಮ್ಮ ಕಚೇರಿಗಳ ಕನ್ನಡವೂ ಈಗ ಅದನ್ನೇ ರೂಢಿಸಿಕೊಂಡಿದೆ. ನಮ್ಮೂರಿನ ಕನ್ನಡದಲ್ಲಿ ಮಾತ್ರ ಯಾರೂ ಹಾಗೆ ಮಾತಾಡುವುದಿಲ್ಲ. ಆದ್ದರಿಂದಲೇ ತಂದೆಯವರಿಗೆ ಆ ಪ್ರಶ್ನೆ ಹೊಳೆದದ್ದು, ನನಗೆ ಹೊಳೆಯದೆ ಹೋದದ್ದು.

ಕಳೆದ ದಸರಾ ರಜೆಯಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಒಂದು ಕಾಗದ ತಂದರು. ಅವರ ಯಜಮಾನರು ಪರರಾಜ್ಯದ ಕಾರ್ಖಾನೆಯೊಂದರಲ್ಲಿ ದುಡಿದು ತೀರಿಕೊಂಡವರು. 'ದಿ ಪೆನ್ಷನ್ ಸ್ಟಾಪ್ಡ್ ಲಾಸ್ಟ್ ಇಯರ್ ಹ್ಯಾಸ್ ಬೀನ್ ರಿಸ್ಟೋರ್ಡ್' ಎಂದು ಅದರಲ್ಲಿತ್ತು. 'ದಿ ಪೆನ್ಷನ್ ಸ್ಟಾಪ್ಡ್' ಎಂಬಲ್ಲಿಗೆ ಬಂದಾಗ ನನ್ನ ಕೈ ತಣ್ಣಗಾಯಿತು. ಪೆನ್ಸಿಲ್ ತರಿಸಿ, ವಾಕ್ಯವನ್ನು ಪ್ರಶ್ನೆಯಾಗಿ ತಿರುಗಿಸಿ, 'ಹ್ಯಾಸ್' ಎಂಬುದರ ಹಿಂದೆ ನೆಟ್ಟಗೆರೆ ಎಳೆದೆನು. ಹೋದ ವರ್ಷ ನಿಲ್ಲಿಸಿದ್ದ ಪೆನ್ಷನ್ನನ್ನು ಮತ್ತೆ ಮಂಜೂರು ಮಾಡಿದ್ದಾರೆ ಎಂದು ಹೇಳಿದೆನು. ಅಜ್ಜಿ ತಂದೆಯವರ ಮುಖ ನೋಡಿದರು. ತಂದೆಯವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಪೆನ್ಸಿಲ್ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, "ಯಾವುದಕ್ಕೂ ಮೇಷ್ಟರಿಗೆ ಒಂದು ಸಲ ತೋರಿಸಿಕೊಂಡು ಬಾ" ಎಂದರು. ಹೋಗಿ ತೋರಿಸಿದೆನು. ಮೇಷ್ಟರೂ ಹಾಗೆಯೇ ಓದಿದರು.